ನೀಲವ್ವ ಒಲೆ ಹಚ್ಚಿದ ದಿನ

ಮೀನಿಗೂ ಮೊಸಳೆಗೂ ಮಾತು ಬರುತ್ತಿದ್ದ ಕಾಲ ಅದು. ಹೊಳೆಸಾಲು ಎಂಬ ರಾಜ್ಯದಲ್ಲಿ ಮೈಲಾರಿ ಎಂಬ ಹರಿಗೋಲಿನವನಿದ್ದ. ಅವನ ಹೆಂಡತಿ ನೀಲವ್ವ ಮೀನುಸಾರು ಕುದಿಸಿದರೆ ಆಚೆ ದಡದವರ ಬಾಯಲ್ಲೂ ನೀರೂರುತ್ತಿತ್ತು. ಹೊಳೆಯ ನಡುಗಡ್ಡೆಯಲ್ಲಿದ್ದ ಮಾಂತ್ರಿಕ ಧೂಮಜಟನ ಮೂಗಿಗೂ ಆ ಘಮ ಬಡಿಯಿತು. ಹಾಳಾದವನು ಸುಮ್ಮನಿರಬೇಕಲ್ಲ! ಸುಂಟರಗಾಳಿಯಾಗಿ ಬಂದು ಅವಳನ್ನು ಹೊತ್ತೊಯ್ದ.

"ಅಡುಗೆ ಮಾಡು" ಎಂದ ಮಾಂತ್ರಿಕ.

"ನನ್ನ ಗಂಡ ಬರುತ್ತಾನೆ ಅಂದರೆ ಮಾತ್ರ ನಾನು ಒಲೆ ಹಚ್ಚೋದು" ಎಂದಳು ನೀಲವ್ವ.

ಈಚೆ ದಡದಲ್ಲಿ ಮೈಲಾರಿಗೆ ಗಂಜಿಯೂ ಗಂಟಲಲ್ಲಿ ಇಳಿಯದು. ಎದುರಿಗೇ ನಡುಗಡ್ಡೆ, ಬಂಡೆಯ ಮೇಲೆ ಅವಳ ಹಸಿರು ಸೀರೆ. ಕೂಗಿದರೆ ಕೇಳಿಸದು, ಕೈಚಾಚಿದರೆ ಸಿಗದು. ಹರಿಗೋಲು ಇಳಿಸಿ ನೇರ ಹೊರಟ. ಮಾಂತ್ರಿಕ ಕಣ್ಣು ನೆಟ್ಟು ನೋಡಿದ. ಅವನು ನೋಡಿದ ನೀರೆಲ್ಲ ಎದ್ದು ನಿಂತು ಮೈಲಾರಿಯನ್ನು ದಡಕ್ಕೆ ಎಸೆಯಿತು. ಎರಡನೇ ಸಲ ನೇರ ಹೊರಟ. ಕೈಯಲ್ಲಿದ್ದ ಹುಟ್ಟು ಮುರಿಯಿತು. ಮೂರನೇ ಸಲವೂ ನೇರ ಹೊರಟ; ನಡುನೀರಲ್ಲಿ ಮೊಸಳೆಯೊಂದು ಅಡ್ಡ ಬಂತು.

"ಸಾಕು ಮಾಡಪ್ಪ" ಎಂದಿತು ಮೊಸಳೆ. "ನಾನೂ ಹರಿಗೋಲಿನವನೇ. ಅವನು ಕದ್ದ ನನ್ನ ಕುರಿ ತರೋಕೆ ಹೋಗಿ, ಸತ್ತರೂ ನೇರವೇ ಹೋಗ್ತೀನಿ ಅಂತ ಹಟ ಹಿಡಿದೆ. ನಾಲ್ಕನೇ ಸಲಕ್ಕೆ ಈ ಬಾಲ ಬಂತು, ನೋಡು."

"ಹಾಗಾದರೆ ಅವಳನ್ನು ಬಿಟ್ಟುಬಿಡಲೇ?"

"ಬಿಡು ಅಂದವರ್ಯಾರು? ಹೊಳೆ ದಾಟಿ ಬಂದವನ ಕಾಲು ಆ ನೆಲಕ್ಕೆ ತಾಗಿದರೆ ಸಾಕು, ಆ ಮಾಂತ್ರಿಕನ ಮಾಯೆಯೆಲ್ಲ ಕಳಚುತ್ತೆ. ಹೊಳೆ ಸೊಕ್ಕಿದ ದಿನ ನಿಮ್ಮಪ್ಪ ಹೇಗೆ ದಾಟುತ್ತಿದ್ದ, ಹೇಳು?"

ಮೈಲಾರಿ ಹಣೆ ಚಚ್ಚಿಕೊಂಡ. ಸೊಕ್ಕಿದ ಹೊಳೆಯನ್ನು ಯಾವ ಹರಿಗೋಲಿನವನೂ ನೇರ ದಾಟುವುದಿಲ್ಲ. ಹರಿಗೋಲನ್ನು ತಲೆಯ ಮೇಲೆ ಹೊತ್ತು, ದಡದಗುಂಟ ಬಹುದೂರ ಮೇಲಕ್ಕೆ ನಡೆದು, ಅಲ್ಲಿಂದ ನೀರಿನ ಜೊತೆಗೇ ಇಳಿದು ಬರುತ್ತಾನೆ. ಅವನಿಗೆ ಗೊತ್ತಿದ್ದ ವಿದ್ಯೆಯೇ. ಆದರೆ ಹಾಗೆ ಹೋಗಬೇಕೆಂದರೆ ನೀಲವ್ವನಿಗೆ ಬೆನ್ನು ಹಾಕಬೇಕು. ಅದೊಂದು ಅವನ ಕೈಲಾಗಿರಲಿಲ್ಲ.

ದಡಕ್ಕೆ ಮರಳಿ ಹರಿಗೋಲು ಹೊತ್ತು ಹೊರಟ. ಹೆಜ್ಜೆಹೆಜ್ಜೆಗೂ ಕರುಳು ಹಿಂದಕ್ಕೆ ಎಳೆಯಿತು. ಹೊಳೆಯ ತಿರುವಿನಲ್ಲಿ ಹಸಿರು ಸೀರೆಯೂ ಮರೆಯಾಯಿತು. ಅವಳು ಏನಂದುಕೊಂಡಳೋ ಏನೋ ಎಂದು ಗಳಗಳನೆ ಅತ್ತ.

"ನೋಡಿದೆಯಾ, ನಿನ್ನ ಗಂಡ ಓಡಿಹೋದ!" ಎಂದು ನಕ್ಕ ಮಾಂತ್ರಿಕ.

ನೀಲವ್ವ ಎದ್ದು ಒಲೆ ಹಚ್ಚಿದಳು.

ಸಾರು ಘಮಘಮ ಕುದಿಯಿತು. ಧೂಮಜಟ ಹೊಳೆಗೆ ಬೆನ್ನು ಹಾಕಿ ಎಲೆಯ ಮುಂದೆ ಕೂತ. ಮೇಲಿನಿಂದ ಇಳಿದು ಬರುತ್ತಿದ್ದ ಮೈಲಾರಿಗೆ ಮೊದಲು ಕಂಡದ್ದು ಆ ಒಲೆಯ ಹೊಗೆ. ಅವನ ಕಾಲು ನಡುಗಡ್ಡೆಗೆ ತಾಗಿದ್ದೇ ತಡ, ಮಾಂತ್ರಿಕ ಮಾಯೆ ಕಳಚಿ ಕೊಕ್ಕರೆಯಾಗಿ ಒಂಟಿಕಾಲಲ್ಲಿ ನಿಂತ, ತುತ್ತು ಬಾಯಿಗೆ ಹೋಗುವ ಮೊದಲೇ. ಮೊಸಳೆ ಮನುಷ್ಯನಾಗಿ ಮೈಕೊಡವಿಕೊಂಡು ದಡ ಹತ್ತಿತು.

"ಬಿಟ್ಟು ಹೋದೆ ಅನ್ನಿಸಲಿಲ್ಲವೇನೇ?" ಎಂದ ಮೈಲಾರಿ.

"ಬಿಟ್ಟು ಹೋಗುವವರು ಹರಿಗೋಲು ಹೊತ್ತುಕೊಂಡು ಹೋಗ್ತಾರಾ? ಕೈ ತೊಳ್ಕೊಳ್ಳಿ, ಸಾರು ಆರುತ್ತೆ" ಅಂದಳು ನೀಲವ್ವ. ಅಂದವಳೇ ಅವನ ಎದೆಗೆ ಮುಖವೊತ್ತಿ ಅತ್ತುಬಿಟ್ಟಳು.

ಮುಂದೆ ಅವರು ಉಂಡುಟ್ಟು ಸುಖವಾಗಿದ್ದರು. ಇವತ್ತಿಗೂ ಆ ರಾಜ್ಯದಲ್ಲಿ, ಹರಿಗೋಲು ಹೊತ್ತು ಮೇಲಕ್ಕೆ ನಡೆಯುವ ಗಂಡನನ್ನು ಕಂಡರೆ ಹೆಂಗಸರು ಒಳಗೆ ಹೋಗಿ ಒಲೆ ಹಚ್ಚುತ್ತಾರೆ.