ನೆಲ ನೋಡುವ ಹೂವುಗಳು

ಇಸ್ತ್ರಿಯವನು ಮೆಟ್ಟಿಲು ಹತ್ತಿ ಬಂದವನೇ ನಮ್ಮ ಬಾಗಿಲಲ್ಲಿ ಕುಸಿದು ಕೂತ. ನಾವಿದ್ದ ಮಹಡಿಯ ಕೆಳಗೇ ಅವನು ಕೆಲಸ ಮಾಡುವ, ಪರದೆ ಹೊಲಿಯುವ ಕಾರ್ಖಾನೆ. ಅಲ್ಲಿನ ರಗಳೆಗಳೆಲ್ಲ ಕೊನೆಗೆ ಪೊಲೀಸ್ ಕೆಲಸದಿಂದ ನಿವೃತ್ತರಾದ ನಮ್ಮತ್ತಿಗೆಯ ಬಳಿಗೇ ಬರುತ್ತಿದ್ದವು. ಅವರ ಹಿಂದೆ ಬಾಲದಂತೆ ಹೋಗುವುದು ಮೈದುನನಾದ ನನ್ನ ಕೆಲಸ.

ನಾಟಕಶಾಲೆಗೆ ಕಳಿಸಬೇಕಿದ್ದ ದೊಡ್ಡ ಪರದೆ ಬೆಳಿಗ್ಗೆ ನೋಡಿದರೆ ಮೇಲಿಂದ ಕೆಳಗಿನವರೆಗೆ ಎರಡಾಗಿತ್ತಂತೆ. ಹಿಂದಿನ ದಿನ ಬೈಸಿಕೊಂಡಿದ್ದ ಇವನೇ ಸೇಡು ತೀರಿಸಿಕೊಂಡ ಎಂದು ಯಜಮಾನರು ತೀರ್ಮಾನಿಸಿ, ಸಂಜೆಯ ಮೇಲೆ ಮುಖ ತೋರಿಸಬೇಡ ಎಂದಿದ್ದರು.

“ಹೆಂಡ್ತಿಗೆ ದಿನ ತುಂಬಿದೆ ಅಮ್ಮ. ಈ ಹೆಸರು ಹೊತ್ಕೊಂಡು ಹೋದ್ರೆ ಯಾರು ಕೆಲಸ ಕೊಡ್ತಾರೆ?” ಎಂದ.

ನಾವು ಕೆಳಗಿಳಿದು ಹೋದಾಗ ಯಜಮಾನರು ತಮ್ಮ ಕೋಣೆಯಲ್ಲಿ ನಮ್ಮನ್ನು ಕೂರಿಸಿ ಪರದೆಗಿಂತ ಹೆಚ್ಚಾಗಿ ತಮ್ಮ ಆಡಳಿತದ ಬಗ್ಗೆಯೇ ಹೇಳಿದರು. ಯಾವುದೋ ತರಬೇತಿಯಲ್ಲಿ ಕಲಿತು ಬಂದದ್ದು. ಪ್ರತಿ ಮೇಜಿನ ಮೇಲೂ ಒಂದು ಸ್ಲೇಟು, ಅದರಲ್ಲಿ ವಾರಕ್ಕೊಂದು ಸಣ್ಣ ಗುರಿ. ಶನಿವಾರ ಎಲ್ಲರ ಬಳಿ ಹೋಗಿ ತಪ್ಪಿದ್ದರೆ ತಿದ್ದುವುದು, ಇಲ್ಲದಿದ್ದರೆ ಬೆನ್ನು ತಟ್ಟುವುದು. ಅತ್ತಿಗೆ ಹೂಂಗುಟ್ಟುತ್ತ ಅವರ ಕಿಟಕಿಯ ಪರದೆಯನ್ನೇ ನೋಡುತ್ತಿದ್ದರು. ಅದರ ಒಂದು ಪಟ್ಟಿಯಲ್ಲಿ ಕಸೂತಿಯ ಹೂಗಳು ತಲೆಕೆಳಗಾಗಿ ನೆಲ ನೋಡುತ್ತಿದ್ದವು.

ಹೊಲಿಗೆಯ ಹಜಾರದಲ್ಲಿ ಸ್ಲೇಟುಗಳ ಮೇಲೆಲ್ಲ ಸೀಮೆಸುಣ್ಣದ ಹೊಸ ಬರಹ. ಎಲ್ಲರೂ ದೊಡ್ಡಕ್ಕ ಎನ್ನುವ ಹಿರಿಯ ಹೊಲಿಗೆಯವಳ ಸ್ಲೇಟಿಗೆ ಮಾತ್ರ ಧೂಳು ಹಿಡಿದಿತ್ತು. ‘ಹೊಲಿಗೆ ನೇರವಾಗಿರಲಿ’ ಎಂಬ ಹಳೆಯ ಸಾಲು ಅಳಿಸದೆ ಮಾಸಿತ್ತು. ನನಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಅತ್ತಿಗೆ ಹಾಳಾದ ಪರದೆಯ ಅಂಚನ್ನು ಬೆರಳಿನಲ್ಲಿ ಸವರಿ, ಊಟದ ಹೊತ್ತಿಗೆ ಎಲ್ಲರನ್ನೂ ಸೇರಿಸಲು ಹೇಳಿದರು.

“ಬಟ್ಟೆ ಎಲ್ಲೂ ಹರಿದಿಲ್ಲ. ಹೊಲಿಗೆಯ ದಾರ ಮಾತ್ರ ಬಿಚ್ಚಿದೆ, ಒಂದು ಎಳೆಗೂ ನೋವಾಗದ ಹಾಗೆ,” ಎಂದು ಶುರುಮಾಡಿದರು. ಸೇಡಿನವನಾದರೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟು ಹೋಗುತ್ತಿದ್ದ. ಇದು ಬಟ್ಟೆಯ ಮೇಲೆ ಪ್ರೀತಿ ಇದ್ದವರ ಕೈ. ಆಮೇಲೆ ಯಜಮಾನರನ್ನು ಗೋಡೆಗೆ ತೂಗುಹಾಕಿದ್ದ ಮಾದರಿಗಳ ಬಳಿ ಕರೆದೊಯ್ದರು. ಹಳೆಯದರಲ್ಲಿ ಮೂಲೆಯ ಒಂದೇ ಹೂವು ತಲೆಕೆಳಗು. ಆಮೇಲಿನದರಲ್ಲಿ ಒಂದು ಸಾಲು. ಕೊನೆಗೆ ಅವರ ಕೋಣೆಯದರಲ್ಲಿ ಇಡೀ ಪಟ್ಟಿ. ಎರಡಾದ ಪರದೆಯೂ ಸೇರಿ ಎಲ್ಲವೂ ದೊಡ್ಡಕ್ಕ ಹೊಲಿದವು.

“ಕೈ ತಪ್ಪಿದ್ದಾದ್ರೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯಲ್ಲ. ಇವಕ್ಕೆಲ್ಲ ನೀವು ಏನಂದಿದ್ರಿ?”

ಉತ್ತರ ಕೊಟ್ಟವಳು ದೊಡ್ಡಕ್ಕ.

“ತುಂಬಾ ಚೆನ್ನಾಗಿ ಮಾಡಿದ್ದೀರ, ಹೀಗೇ ಮುಂದುವರಿಸಿ ಅಂದ್ರು. ಪ್ರತಿ ಶನಿವಾರ ಅದೇ ಮಾತು. ತಪ್ಪು ಮಾಡೋರ ಹತ್ರ ನಿಂತು ಮಾತಾಡ್ತಾರೆ, ನನ್ನ ಹತ್ರ ನಡ್ಕೊಂಡು ಹೋಗ್ತಾನೇ ಬೆನ್ನು ತಟ್ತಾರೆ. ಒಂದ್ಸಲನಾದ್ರೂ ನೋಡ್ಲಿ ಅಂತ ಹೂವು ತಿರುಗಿಸಿದೆ. ನೋಡ್ಲಿಲ್ಲ. ಎರಡು ಭಾಗ ಆದ್ರೆ ನೋಡ್ಲೇಬೇಕಲ್ಲ ಅಂದ್ಕೊಂಡೆ.”

“ಇವನ ಹೊಟ್ಟೆ ಮೇಲೆ ಹೊಡೆದೆಯಲ್ಲಮ್ಮ,” ಎಂದರು ಅತ್ತಿಗೆ.

ದೊಡ್ಡಕ್ಕ ತಲೆ ತಗ್ಗಿಸಿದಳು. “ಯಾರು ಹೊಲಿದದ್ದು ಅಂತ ಮೊದಲು ನನ್ನನ್ನೇ ಕೇಳ್ತಾರೆ ಅಂದ್ಕೊಂಡಿದ್ದೆ, ಅದನ್ನೂ ಕೇಳ್ಲಿಲ್ಲ, ಇವನ ಮೇಲೆ ಹೊರಿಸಿದ ಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ,” ಎಂದಳು.

ಯಜಮಾನರು ಅಲ್ಲೇ ಅವಳನ್ನು ಕೆಲಸದಿಂದ ತೆಗೆದರು. ಇಸ್ತ್ರಿಯವನಿಗೆ ಹೋಗಿ ಕೆಲಸ ನೋಡು ಎಂದರೇ ಹೊರತು ತಪ್ಪಾಯಿತು ಎನ್ನಲಿಲ್ಲ. ದೊಡ್ಡಕ್ಕ ತನ್ನ ಸ್ಲೇಟನ್ನು ಸೆರಗಿನಿಂದ ಒರೆಸಿಟ್ಟು ಹೋದಳು. ಅವಳು ಮಾಡಿದ್ದು ತಪ್ಪೇ. ಆದರೂ ಆ ಯಜಮಾನನ ಮೇಲೆ ನನಗೆ ಮೈಯೆಲ್ಲ ಉರಿಯಿತು.

ಶನಿವಾರ ಯಜಮಾನರು ನಮ್ಮ ಮನೆಗೆ ಬಂದರು. ಮಾತಾಡುತ್ತಿದ್ದುದು ಅತ್ತಿಗೆಯ ಜೊತೆ, ಕಣ್ಣು ಗಡಿಯಾರದ ಮೇಲೆ.

“ತುಂಬಾ ಚೆನ್ನಾಗಿ ಮಾಡಿದ್ರಿ ಮೇಡಂ. ಹೀಗೇ ಮುಂದುವರಿಸಿ.”