ಮೂವತ್ತು ಸಾವಿರದ ಮೂವತ್ತೊಂದು ಬೆಳ್ಳಕ್ಕಿಗಳು

ಬೆಟ್ಟಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ ಹಂಸಧಾರೆ ಎಂಬ ರಾಜ್ಯವಿತ್ತು. ಅಲ್ಲಿ ಬಕುಳೆ ಎಂಬ ಚಾಪೆ ಹೆಣೆಯುವ ಹೆಂಗಸಿದ್ದಳು. ಒಂದು ದಿನ ಅವಳು ಹೊಳೆಯಾಚೆಯಿಂದ ಜೊಂಡು ಕೊಯ್ದು ತಂದರೆ, ಊರಲ್ಲಿ ಒಬ್ಬ ಮನುಷ್ಯನೂ ಇಲ್ಲ! ಕೆರೆಯಂಗಳದ ತುಂಬ ಬೆಳ್ಳಕ್ಕಿಗಳು. ಏರಿಯ ಮೇಲೆ ಮಾಂತ್ರಿಕ ಕರಾಳಜಟಿ ಕೂತಿದ್ದ.

“ನಿಮ್ಮ ರಾಜ ನನಗೆ ಈ ಕೆರೆ ಕೊಡಲಿಲ್ಲ. ಅದಕ್ಕೇ ಊರಿಗೆ ಊರನ್ನೇ ಹಕ್ಕಿ ಮಾಡಿದೆ,” ಎಂದ. “ಒಟ್ಟು ಮೂವತ್ತು ಸಾವಿರದ ಮೂವತ್ತೊಂದು. ಇವನ್ನು ಸಾಲಿಗೆ ಸಮನಾಗಿ ಹಂಚಿ ನಿಲ್ಲಿಸು. ಒಂದೇ ಸಾಲು ಆಗದು, ಸಾಲಿಗೊಂದೇ ಹಕ್ಕಿಯೂ ಆಗದು. ಒಂದೂ ಮಿಗಬಾರದು. ಮೂರನೆಯ ದಿನ ಹೊತ್ತು ಮುಳುಗಿತೋ, ಇವು ಎಂದೆಂದಿಗೂ ಹಕ್ಕಿಗಳೇ.”

ಆ ಹಿಂಡಿನಲ್ಲಿ ತನ್ನ ಮಗಳು ಯಾವುದೋ ಬಕುಳೆಗೆ ತಿಳಿಯಲಿಲ್ಲ. ನಿಂತಲ್ಲಿ ನಿಲ್ಲಲಾಗಲಿಲ್ಲ ಅವಳಿಗೆ.

ಮೊದಲ ದಿನ ಎರಡು ಸಾಲು ಮಾಡಿದಳು. ಒಂದು ಹಕ್ಕಿ ಮಿಕ್ಕಿತು. ಮೂರು ಸಾಲು ಮಾಡಿದಳು, ಐದು ಮಾಡಿದಳು. ಒಂದು ಮಿಕ್ಕಿತು. ಎರಡನೆಯ ದಿನ ಏಳು, ಹನ್ನೊಂದು, ಹದಿಮೂರು. ಆಗಲೂ ಒಂದೇ ಒಂದು ಮಿಕ್ಕಿತು. ಪ್ರತಿಸಲವೂ ಅದೇ ಕುಂಟು ಹಕ್ಕಿ.

ಮೂರನೆಯ ದಿನ ಆ ಹಕ್ಕಿ ಬಾಯಿಬಿಟ್ಟಿತು. “ನಾನು ಕುಂಬಾರಗೇರಿಯ ಹೊನ್ನಾಯಿ ಕಣವ್ವ. ನನ್ನನ್ನು ಅವನಿಗೆ ಕೊಟ್ಟುಬಿಡು. ಉಳಿದವರು ಮನೆ ಸೇರಲಿ.”

“ಕೊಡು, ಕೊಡು!” ಕರಾಳಜಟಿ ನಕ್ಕ. “ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು, ಇವಿಷ್ಟನ್ನೂ ಗುಣಿಸಿ ಅಷ್ಟು ಜನರನ್ನು ಹಿಡಿದೆ. ಕೊನೆಗೆ ಬೇಕೆಂದೇ ಈ ಮುದುಕಿಯನ್ನು ಸೇರಿಸಿದೆ. ಹೇಗೆ ನಿಲ್ಲಿಸಿದರೂ ಇವಳು ಹೆಚ್ಚೇ!”

ಬಕುಳೆಗೆ ಮಗಳ ಮುಖ ಕಣ್ಣಮುಂದೆ ಬಂತು. ‘ಹ್ಞೂಂ’ ಅಂದರೆ ಸಾಕಿತ್ತು.

“ಇಲ್ಲ ಅಜ್ಜಿ,” ಎಂದಳು. “ಅವನು ಬೇಲಿ ಹಾಕಿರುವುದು ಹದಿಮೂರರವರೆಗೆ. ಅದರಾಚೆ ಅವನೂ ನೋಡಿಲ್ಲ.”

ಹದಿನೇಳು ಸಾಲು ಮಾಡಿದಳು. ಒಂಬತ್ತು ಮಿಕ್ಕವು. ಹತ್ತೊಂಬತ್ತಕ್ಕೆ ಹನ್ನೊಂದು ಮಿಕ್ಕವು. ಇಪ್ಪತ್ತಮೂರು, ಇಪ್ಪತ್ತೊಂಬತ್ತು, ಮೂವತ್ತೊಂದು... ಓಡಿ ಓಡಿ ಕಾಲಿಗೆ ಬೊಬ್ಬೆ ಬಂತು, ಕೂಗಿ ಕೂಗಿ ಗಂಟಲು ಕಟ್ಟಿತು. ಐವತ್ತಮೂರಕ್ಕೂ ಮೂವತ್ತಮೂರು ಮಿಕ್ಕಾಗ ಸೂರ್ಯ ಬೆಟ್ಟದ ನೆತ್ತಿ ಮುಟ್ಟಿದ್ದ.

“ಇನ್ನೊಂದು ಸಲ, ನನ್ನಪ್ಪಂದಿರಾ! ಐವತ್ತೊಂಬತ್ತು!”

ಹಕ್ಕಿಗಳು ಹಾರಿ ಇಳಿದವು. ಐವತ್ತೊಂಬತ್ತು ಸಾಲು, ಸಾಲಿಗೆ ಐನೂರ ಒಂಬತ್ತು. ಕೊನೆಯ ಸಾಲಿನ ತುದಿಯಲ್ಲಿ ಒಂದು ಜಾಗ ಖಾಲಿ ಇತ್ತು. ಹೊನ್ನಾಯಿ ಕುಂಟುತ್ತ ಬಂದು ಅಲ್ಲಿ ನಿಂತಳು.

ಒಂದೂ ಮಿಗಲಿಲ್ಲ.

“ಅದು ಸಮಪಾಲಾಗಿ ಒಡೆಯುವ ಸಂಖ್ಯೆಯೇ ಅಲ್ಲ!” ಎಂದು ಚೀರುತ್ತ ಕರಾಳಜಟಿ ಉಪ್ಪಿನ ಹೆಂಟೆಯಂತೆ ಕರಗಿಹೋದ. ರೆಕ್ಕೆಗಳು ಉದುರಿದವು, ಕೈಗಳು ಮೂಡಿದವು. ಕೆರೆಯಂಗಳದಲ್ಲಿ ಜನರೋ ಜನ! ನಡುವಿನಿಂದ ಮಗಳು ನುಗ್ಗಿ ಬಂದು, “ಅವ್ವಾ, ಹಸಿವು!” ಎಂದು ಸೀರೆ ಜಗ್ಗಿದಳು.

ಬಕುಳೆ ಅಳುತ್ತಲೇ ನಕ್ಕಳು. ಒಂದು ಕೈಯಲ್ಲಿ ಮಗಳನ್ನು ಎತ್ತಿಕೊಂಡಳು, ಇನ್ನೊಂದು ಕೈಯನ್ನು ಹೊನ್ನಾಯಿಗೆ ಕೊಟ್ಟಳು. “ನಡಿ ಅಜ್ಜಿ, ನಮ್ಮಲ್ಲೇ ಉಂಡು ಹೋಗುವಿಯಂತೆ.” ಆ ಸಂಜೆ ಹಂಸಧಾರೆಯ ಎಲ್ಲ ಮನೆಗಳಲ್ಲೂ ಒಲೆ ಉರಿಯಿತು, ಎಲ್ಲರೂ ಹೊಟ್ಟೆತುಂಬ ಉಂಡರು. ಆಮೇಲೂ ಬಹುಕಾಲ ಸುಖವಾಗಿ ಬಾಳಿದರು.