ಸಾಬೂನ ವಾಸ್ನಿ

ಹುಮನಾಬಾದ ಮತ್ತು ಬಸವಕಲ್ಯಾಣಗಳ ಇತಿಹಾಸ ಬರೆಯುವವರು ಕೋಟೆಯನ್ನು ಬಿಟ್ಟರೂ ಚಿಂತೆಯಿಲ್ಲ, ಒಂದು ಸಾಬೂನನ್ನು ಬಿಡಬಾರದು. ಎರಡು ಮನೆತನಗಳ ನಡುವೆ ಕುದುರಲಿದ್ದ ಸಂಬಂಧವನ್ನು ಮುರಿದದ್ದು ಅದು.

ಹುಮನಾಬಾದಿನ ಹೆದ್ದಾರಿಗೆ ಹೊಸ ಹೋಟೆಲು ಬಂದಿತ್ತು. ಫಲಕದಲ್ಲಿ ‘ಶುದ್ಧ ಶಾಕಾಹಾರಿ’ ಎಂದು ದೊಡ್ಡಕ್ಷರದಲ್ಲಿ, ‘ವಿಯೆಟ್ನಾಂ’ ಎಂದು ಸಣ್ಣಕ್ಷರದಲ್ಲಿ ಬರೆದಿತ್ತು. ಒಳಗೆ ಕಾಲಿಟ್ಟ ಶೀತಲ್‌ಗೆ ಮೊದಲು ಕಂಡದ್ದು ಸಂಜೀವಕುಮಾರನ ಮುಖ.

ಇವನಾ...

ತಿರುಗಿ ಹೊರಟವಳ ಕೈಯನ್ನು ಗೆಳತಿ ರೂಪಾಲಿ ಬಿಡಲಿಲ್ಲ. ರೂಪಾಲಿಯ ಗಂಡ ದತ್ತು, ಸಂಜೀವನ ಗೆಳೆಯ, ಹಲ್ಲು ಕಿರಿಯುತ್ತ ಕುರ್ಚಿ ಎಳೆದ. ಸಂಚು ಯಾರದೆಂದು ಕೇಳುವ ಅಗತ್ಯವಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಸಂಜೀವನ ಮನೆಯವರು ಬಸವಕಲ್ಯಾಣಕ್ಕೆ ಹೆಣ್ಣು ನೋಡಲು ಬಂದಿದ್ದರು. ಗಂಧದ ಸಾಬೂನಿನಲ್ಲಿ ಮುಖ ತೊಳೆದು, ಉಪ್ಪಿಟ್ಟಿನ ತಾಟು ಹಿಡಿದು ಬಂದ ಶೀತಲ್‌ಗೆ ಅವನು ಒಂದೇ ನೋಟಕ್ಕೆ ಹಿಡಿಸಿದ್ದ. ಆದರೆ ತಾಟು ಕೊಟ್ಟು ತಿರುಗುವಷ್ಟರಲ್ಲಿ ಅವನು ತಾಯಿಯ ಕಿವಿಯಲ್ಲಿ ಅಂದದ್ದು ಕೇಳಿಸಿತ್ತು.

“ಅವ್ವಾ, ಬರೇ ಸಾಬೂನ ವಾಸ್ನಿ ಹೊಡ್ಯಾಕತ್ತದ. ನನ್ನ ಕಡಿಂದ ಆಗೂದಿಲ್ಲ.”

ಆಮೇಲೆ ಅವರು ಒಪ್ಪಿಗೆ ಹೇಳಿ ಕಳಿಸಿದಾಗ ಶೀತಲ್ ಒಲ್ಲೆನೆಂದಳು. ಕಾರಣವನ್ನು ತಾಯಿ ಕಸ್ತೂರಿಬಾಯಿಗೂ ಹೇಳಲಿಲ್ಲ. ಅವ್ವನ ಒತ್ತಾಯಕ್ಕೆ ತಲೆಯಾಡಿಸಿದವನ ಜೊತೆ ಸಂಸಾರವೇ?

ಈಗ ಚಿಟಗುಪ್ಪದ ಸಂಬಂಧವೊಂದಕ್ಕೆ ನಾಳೆ ಉತ್ತರ ಕೊಡಬೇಕಿತ್ತು. ಹೂಂ ಎನ್ನಲು ಮನಸ್ಸಿಲ್ಲ, ಊಹೂಂ ಎನ್ನಲು ಕಾರಣವಿಲ್ಲ. ಕಾರಣ ಎದುರಿಗೇ ಕೂತಿತ್ತು, ಆದರೆ ಅದನ್ನು ಮನೆಯಲ್ಲಿ ಹೇಳುವಂತಿರಲಿಲ್ಲ.

ದತ್ತು ಜೋಳದ ಭಾಕರಿ ಸಿಗುತ್ತದೆಯೇ ಎಂದು ವಿಚಾರಿಸಿದ. ಸಿಗುವುದಿಲ್ಲವೆಂದರು. ಹಾಗಾದರೆ ಆ ದೇಶದ ಜನ ಏನು ತಿಂದು ಬದುಕಿದ್ದಾರೆ ಎಂಬ ಅವನ ಪ್ರಶ್ನೆಗೆ ಉತ್ತರ ಬೋಗುಣಿಗಳಲ್ಲಿ ಬಂತು: ತಿಳಿಸಾರು, ಅದರೊಳಗೆ ಅಕ್ಕಿ ಶಾವಿಗೆ, ಮೇಲೆ ಹಸಿರು ಸೊಪ್ಪಿನ ಗುಡ್ಡ. ತಿನ್ನಲು ಎರಡು ಕಡ್ಡಿ.

“ಚಿಟಗುಪ್ಪದವರು ಬಂದು ಹೋದ್ರಂತ,” ಎಂದ ಸಂಜೀವ, ಶಾವಿಗೆಯನ್ನು ನೋಡುತ್ತ. “ಅವರಾದ್ರೂ ಪಾಸ್ ಆದ್ರೇನ್ರಿ?”

“ಮಂದಿ ಮನ್ಯಾಗ ಹ್ಯಾಂಗ ಮಾತಾಡಬೇಕಂತ ಅವರಿಗಿ ಗೊತ್ತದ.”

“ನಾ ಅಲ್ಲಿ ಮಾತೇ ಆಡಿಲ್ಲ.”

“ಆಡಿದ್ದೇ ಸಾಕಾಗ್ಯದ್ರಿ.”

ರೂಪಾಲಿ ಕೆಮ್ಮಿದಳು. ದತ್ತು ಶಾವಿಗೆ ಚೆನ್ನಾಗಿದೆ ಎಂದ, ಇನ್ನೂ ಬಾಯಿಗಿಟ್ಟಿರಲಿಲ್ಲ.

ಸಂಜೀವ ಸಿಟ್ಟಿನಿಂದ ಕಡ್ಡಿ ಹಿಡಿದು ತನ್ನ ಬೋಗುಣಿಯ ಸೊಪ್ಪನ್ನು ಒಂದೊಂದೇ ಎಸಳಾಗಿ ಎತ್ತಿ ದತ್ತುವಿನ ಬೋಗುಣಿಗೆ ಹಾಕತೊಡಗಿದ. ಅರ್ಧ ಮೇಜಿನ ಮೇಲೆ ಬಿತ್ತು. ಇದೇನು ಹಚ್ಚಿದ್ದೀ ಎಂದು ದತ್ತು ರೇಗಿದ.

“ಕೋತಂಬ್ರಿ ಲೇ ದತ್ತ್ಯಾ. ಬರೇ ಸಾಬೂನ ವಾಸ್ನಿ ಹೊಡ್ಯಾಕತ್ತದ. ನನ್ನ ಕಡಿಂದ ಆಗೂದಿಲ್ಲ.”

ಶೀತಲ್‌ಳ ಕೈ ಅಲ್ಲೇ ನಿಂತಿತು.

ಆ ದಿನ ಉಪ್ಪಿಟ್ಟಿನ ಮೇಲೆ ಹಿಡಿ ಹಿಡಿ ಕೊತ್ತಂಬರಿ ಉದುರಿಸಿದವಳು ಅವಳೇ. ಚಂದ ಕಾಣಲೆಂದು...

“ಅವತ್ತು,” ಎಂದಳು ನಿಧಾನವಾಗಿ, “ನೀವು ಅವ್ವಗ ಹೇಳಿದ್ದು... ಉಪ್ಪಿಟ್ಟಿನ ಮಾತೇನ್ರಿ?”

“ಮತ್ತ? ಅರ್ಧ ಹೊಲಾ ಕೊಯ್ದು ಹಾಕಿದ್ರಿ ನೀವು.”

“ನಾ ಅವತ್ತಿಂದ ಸಾಬೂನ ಮುಟ್ಟಿಲ್ಲ. ಕಡ್ಲಿಹಿಟ್ಟು ಹಚ್ಚಿ ಮಾರಿ ತೊಳ್ಕೊಳಾಕತ್ತೇನಿ.”

ಅವನಿಗೆ ಅರ್ಥವಾಯಿತು. ಕಡ್ಡಿ ಕೆಳಗಿಟ್ಟ.

“ಮನಿಗಿ ಹೋಗಿ, ಮಾಡ್ಕೊಂಡ್ರ ಇಕಿನ್ನೇ ಮಾಡ್ಕೋತೀನಿ ಅಂದಾವ ನಾ. ನೀವು ಒಲ್ಲೆ ಅಂದ್ರಿ. ಯಾಕ ಅಂತ ಕೇಳಾಕ ಧೈರ್ಯ ಆಗಲಿಲ್ಲ.”

“ಕೇಳಬೇಕಾಗಿತ್ತು.”

“ನೀವು ಹೇಳಬೇಕಾಗಿತ್ತು.”

ಇಬ್ಬರ ದನಿಯಲ್ಲೂ ಸಿಟ್ಟು ಇನ್ನೂ ಇತ್ತು. ಶೀತಲ್ ಅವನ ಬೋಗುಣಿಯನ್ನು ತನ್ನ ಕಡೆಗೆ ಎಳೆದುಕೊಂಡು ಉಳಿದ ಎಸಳುಗಳನ್ನು ಬೆರಳಿನಿಂದ ಆರಿಸಿ ತೆಗೆದಳು. ಕಣ್ಣು ಮಂಜಾಗಿ ಎರಡು ತಪ್ಪಿಹೋದವು. ಅವು ಅವನ ಕಣ್ಣಿಗೆ ಬಿದ್ದವು.

“ನಾಳಿಗಿ ಚಿಟಗುಪ್ಪದವರಿಗಿ ಏನಂತೀರಿ?”

“ಸುಮ್ಮ ಉಣ್ರಿ. ಆರಾಕತ್ತದ.”

ಅವನು ಉಂಡ, ಆ ಎರಡು ಎಸಳುಗಳ ಸಮೇತ.

ಚಿಟಗುಪ್ಪದವರಿಗೆ ಆಗುವುದಿಲ್ಲವೆಂದು ಹೇಳಿ ಕಳಿಸಲಾಯಿತು. ವೈಶಾಖದಲ್ಲಿ ಬಸವಕಲ್ಯಾಣದಲ್ಲಿ ಮದುವೆ ನಡೆಯಿತು. ಊಟದ ಯಾವ ಪದಾರ್ಥಕ್ಕೂ ಕೊತ್ತಂಬರಿ ಹಾಕಿರಲಿಲ್ಲ.